ಆಮೆಗಾಡಿಯ ಬಿರಡೆ

ಶ್ರೀ ವೀರಭದ್ರೇಶ್ವರ ಪ್ರಸನ್ನ
ನರಸಿಂಹರಾಜಪುರ
17-8-2005

ಮೆಣಸೆಯ ಶೇಷಮ್ಮನವರಿಗೆ, ಜಯದೇವಪ್ಪನವರ ಮನೆಯಿಂದ ಪ್ರೇಮ ಬರೆಯುವುದು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಇದ್ದೀರೋ ಇಲ್ಲವೋ ನನಗೂ ಗೊತ್ತಿಲ್ಲ. ಒಂದು ಸ್ಟೀಲ್ ಡಬ್ಬಿಯ ಮೇಲೆ ಕೊರೆದ ಹೆಸರನ್ನು ನಂಬಿ ಈ ಕಾಗದ ಹಾಕುತ್ತಿದ್ದೇನೆ. ದೇವರ ಮನಸ್ಸಿಗೆ ಬಂದರೆ ತಲುಪುತ್ತದೆ.

ನಮ್ಮ ಯಜಮಾನರು ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದವರು. ಈಗ ಬಲಗಾಲಿನ ಮಂಡಿ ಬಗ್ಗುವುದಿಲ್ಲ, ಗ್ಯಾರೇಜು ಮುಚ್ಚಿದೆ. ಸುಮ್ಮನೆ ಕೂರುವವರಲ್ಲ. ಹೋದ ಯುಗಾದಿ ಕಳೆದ ಮೇಲೆ ಒಂದು ಎಸ್ಟೇಟಿನ ಹಳೆಯ ಶೆಡ್ಡಿನಿಂದ ಆರು ಚಕ್ರದ ಒಂದು ಗಾಡಿಯನ್ನು ಎಳೆಸಿಕೊಂಡು ಬಂದರು. ನೆಲದ ಮೇಲೂ ಹೋಗುತ್ತದಂತೆ, ನೀರಿನ ಮೇಲೂ ಹೋಗುತ್ತದಂತೆ. ನೋಡಿದರೆ ಫೈಬರಿನ ದೊಡ್ಡ ತೊಟ್ಟಿ, ಅದಕ್ಕೆ ಪಕ್ಕಕ್ಕೆ ಮೂರು ಮೂರು ದಪ್ಪ ಗಾಲಿ. ಸ್ಟೇರಿಂಗಿಲ್ಲ, ಎರಡು ಕೈಗೆ ಎರಡು ಲಿವರು. ಇಲ್ಲಿಯವರು ಆಮೆಗಾಡಿ ಎನ್ನುತ್ತಾರೆ. ಪಕ್ಕದ ಮನೆಯ ವಾಸಪ್ಪ ಬಂದು ಸುತ್ತ ನೋಡಿ, "ಜಯದೇವಣ್ಣ, ಇದು ಗಾಡಿಯೋ ದನಕ್ಕೆ ಕಲಗಚ್ಚು ಹಾಕೋ ಬಾನಿಯೋ?" ಎಂದು ಕೇಳಿ ಹೋದ. ಇವರು ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ.

ಇವರಿಗೆ ಒಂದೇ ಆಸೆ. ಮುಳುಗಡೆಯಲ್ಲಿ ಇವರ ಊರು ಹೋಯಿತು, ಆದರೆ ಮಾವನವರ ಸಮಾಧಿ ಇರುವ ದಿಬ್ಬ ಮಾತ್ರ ಹಿನ್ನೀರಿನ ನಡುವೆ ಉಳಿದಿದೆ. ಬೇಸಗೆಯಲ್ಲಿ ಹೂಳು ತುಳಿದು ಹೋಗಲು ಕಾಲಿಲ್ಲ. ತೆಪ್ಪದಲ್ಲಿ ಮಂಡಿ ಮಡಚಿ ಕೂರಲಾಗದು. ಒಂಬತ್ತು ವರ್ಷದಿಂದ ಆ ಸಮಾಧಿಗೆ ಒಂದು ಹೂವಿಲ್ಲ. ಈ ಗಾಡಿಯಲ್ಲಿ ಕೂತು ವಿಜಯದಶಮಿಯ ದಿನ ಹೋಗಿ ಬರುತ್ತೇನೆ ಅಂತ ಹಟ.

ನೆಲದ ಹಲಗೆ ತೆಗೆದಾಗ ಒಳಗೆಲ್ಲ ಹೂಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಒಡೆದಾಗ ಊಟದ ಡಬ್ಬಿ ಸಿಕ್ಕಿತು. ಮುಚ್ಚಳವಿಲ್ಲ. ತಳದಲ್ಲಿ "ಶೇಷಮ್ಮ, ಮೆಣಸೆ" ಎಂದು ಕೊರೆದಿದೆ. ಹುಣಿಸೆಹಣ್ಣು ಹಾಕಿ ತಿಕ್ಕಿ ಶೆಡ್ಡಿನ ಗೂಡಿನಲ್ಲಿ ಇಟ್ಟಿದ್ದೇನೆ. ಹೆಂಗಸಿನ ಹೆಸರಿನ ಪಾತ್ರೆ ಇನ್ನೊಬ್ಬರ ಮನೆಯಲ್ಲಿ ಇರಬಾರದು. ನಿಮ್ಮದಾದರೆ ತಿಳಿಸಿ, ಕಳಿಸುತ್ತೇನೆ.

ಪ್ರೇಮ
(ಊರವರಿಗೆ ಪ್ರೇಮಕ್ಕ)


ಶ್ರೀ ಶಾರದಾಂಬಾ ಪ್ರಸನ್ನ
ಮೆಣಸೆ
29-8-2005

ಪ್ರೇಮಮ್ಮನವರಿಗೆ,

ಕಾಗದ ಬಂತು. ಡಬ್ಬಿ ನನ್ನದೇ. ಮದುವೆಯಲ್ಲಿ ಅಮ್ಮ ಕೊಟ್ಟದ್ದು.

ಆ ಗಾಡಿಯನ್ನು ನಮ್ಮ ಯಜಮಾನರು ತಿಮ್ಮಪ್ಪ ಓಡಿಸುತ್ತಿದ್ದರು. ಎಸ್ಟೇಟಿನ ಸಾಹುಕಾರರ ಹತ್ತಿರ ಡ್ರೈವರಾಗಿದ್ದರು. ನಾವು ಅಲ್ಲಿಯ ಕೆಲಸದವರ ಲೈನ್ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು. ಎಪ್ಪತ್ತೊಂಬತ್ತರಲ್ಲಿ ಅವರು ಕೆಲಸ ಬಿಟ್ಟು ಬೊಂಬಾಯಿಗೆ ಹೋದರು. ಅಲ್ಲೇ ಇದ್ದಾರೆ. ಬರುತ್ತಾರೆ.

ಡಬ್ಬಿ ಕಳಿಸುವುದು ಬೇಡ. ಅಲ್ಲೇ ಇರಲಿ.

ಒಂದು ಕೇಳುತ್ತೇನೆ. ತೊಟ್ಟಿಯ ತಳದಲ್ಲಿ ಹಿಂದುಗಡೆಗೆ ಹೆಬ್ಬೆರಳು ಹೋಗುವಷ್ಟು ಒಂದು ತೂತಿದೆ. ತೊಳೆದ ನೀರು ಇಳಿದುಹೋಗಲು ಮಾಡಿದ್ದು. ಅದಕ್ಕೆ ಬಿರಡೆ ಇದೆಯೇ? ಇಲ್ಲದಿದ್ದರೆ ಗಾಡಿಯನ್ನು ನೀರಿಗೆ ಬಿಡಬೇಡಿ ಎಂದು ನಿಮ್ಮ ಯಜಮಾನರಿಗೆ ಹೇಳಿ.

ಶೇಷಮ್ಮ


ಶ್ರೀ ವೀರಭದ್ರೇಶ್ವರ ಪ್ರಸನ್ನ
ನರಸಿಂಹರಾಜಪುರ
8-9-2005

ಶೇಷಮ್ಮನವರಿಗೆ ಪ್ರೇಮಳ ನಮಸ್ಕಾರ.

ನಿಮ್ಮ ಕಾಗದ ಓದಿ ಮನಸ್ಸಿಗೆ ಬೇಜಾರಾಯಿತು. ನನಗೆ ಬಾಯಿ ನೇರ, ತಪ್ಪು ತಿಳಿಯಬೇಡಿ. ಇಪ್ಪತ್ತಾರು ವರ್ಷ ಬಾರದವರು ಇನ್ನು ಬರುವುದು ಉಂಟೇ? ನನ್ನ ಸೋದರತ್ತೆಯ ಗಂಡನೂ ಹೀಗೇ ಹುಬ್ಬಳ್ಳಿಗೆ ಹೋಗಿ ಇನ್ನೊಂದು ಮನೆ ಮಾಡಿಕೊಂಡ. ಅತ್ತೆ ಸಾಯುವವರೆಗೂ ಬಾಗಿಲ ಕಡೆ ನೋಡಿದಳು. ನೀವು ಹಾಗೆ ಮಾಡಬೇಡಿ, ದೇವರ ಕಡೆ ನೋಡಿ. ಗಾಡಿಯೊಳಗೆ ಅಷ್ಟು ಹೂಳು ಹೇಗೆ ತುಂಬಿತು ಎಂದು ಇವರನ್ನು ಕೇಳಿದೆ. "ಓಡಿಹೋಗುವವನು ಗಾಡೀನ ನೀರಿಗೆ ನೂಕಿ ಹೋಗಿರ್ತಾನೆ, ಸಾಹುಕಾರರ ಮೇಲಿನ ಸಿಟ್ಟಿಗೆ" ಎಂದರು. ಇರಬಹುದು.

ಗಾಡಿಯ ಕೆಲಸ ಮುಕ್ಕಾಲು ಮುಗಿದಿದೆ. ಒಳಗಿನ ಚೈನುಗಳು ತುಕ್ಕು ಹಿಡಿದು ಒಂದೇ ಉಂಡೆಯಾಗಿದ್ದವು. ಹದಿನೈದು ದಿನ ಡೀಸೆಲ್ಲಿನಲ್ಲಿ ನೆನೆಹಾಕಿ ಬಿಡಿಸಿದರು, ಬಾರದವನ್ನು ಬದಲಾಯಿಸಿದರು. ಹಳೆಯ ಎಂಜಿನ್ ಸತ್ತಿತ್ತು, ಆಟೋರಿಕ್ಷಾದ್ದು ಕೂರಿಸಿದ್ದಾರೆ. ತೊಟ್ಟಿಯಲ್ಲಿ ಎರಡು ಕಡೆ ಬಿರುಕಿತ್ತು. ಶಿವಮೊಗ್ಗದಿಂದ ಅಂಟು, ಬಟ್ಟೆ ತರಿಸಿ ಮೆತ್ತಿದರು. ಆಮೇಲೆ ತಳದ ತೂತಿಗೆ ಮೇಣ ಮೆತ್ತಿ ಒಳಗೆ ನೀರು ತುಂಬಿಸಿ ಹೊರಗೆ ಎಲ್ಲಿ ಜಿನುಗುತ್ತದೆ ಎಂದು ಕೂತು ನೋಡಿದರು. ಒಂದು ಹನಿ ಇಲ್ಲ.

ಬಿರಡೆ ಇರಲಿಲ್ಲ. ಕೊಪ್ಪದ ಲೇತಿನವನ ಹತ್ತಿರ ಹೊಸದು ಮಾಡಿಸಿದ್ದಾರೆ. ಕೂರುತ್ತದೆ, ಆದರೆ ನಿಲ್ಲುವುದಿಲ್ಲ. ಸಂಜೆ ಸ್ಪ್ಯಾನರಿನಲ್ಲಿ ಬಿಗಿಮಾಡಿದ್ದು ಬೆಳಿಗ್ಗೆ ನೆಲದಲ್ಲಿ ಬಿದ್ದಿರುತ್ತದೆ. ಲೇತಿನವನಿಗೆ ಬೈದು ಬೈದು ಸಾಕಾಗಿದೆ ಇವರಿಗೆ. ಬಿರಡೆಯ ವಿಷಯ ಮನೆಯ ಹೆಂಗಸಾದ ನಿಮಗೆ ಹೇಗೆ ನೆನಪಿದೆ?

ಇನ್ನೊಂದು. ಮಧ್ಯಾಹ್ನ ಊಟವಾಗಿ ಇವರು ಮಲಗಿದ ಮೇಲೆ ಶೆಡ್ಡಿನಿಂದ ಸದ್ದು ಬರುತ್ತದೆ. ಪಾತ್ರೆಯಿಂದ ತೊಟ್ಟಿ ಕೆರೆದ ಹಾಗೆ, ಆಮೇಲೆ ನೀರು ಚೆಲ್ಲಿದ ಹಾಗೆ. ಹೆಗ್ಗಣವಿರಬೇಕು.

ಪ್ರೇಮ


ಮೆಣಸೆ
20-9-2005

ಪ್ರೇಮಮ್ಮನವರಿಗೆ,

ನನ್ನ ಗಂಡನನ್ನು ನಿಮ್ಮ ಅತ್ತೆಯ ಗಂಡನ ಸಾಲಿಗೆ ಸೇರಿಸಬೇಡಿ. ಅವರು ಅಂಥವರಲ್ಲ. ಕೆಸರುಗಾಲಲ್ಲಿ ನಾನು ಒರೆಸಿದ ನೆಲ ತುಳಿಯುತ್ತಿರಲಿಲ್ಲ, ಅಂಥವರು.

ಗಾಡಿಯನ್ನು ತೊಳೆಯುತ್ತಿದ್ದವಳು ನಾನು. ಅದಕ್ಕೇ ಬಿರಡೆ ಗೊತ್ತು.

ಸದ್ದು ಬರುವಾಗ ಗಂಟೆ ಎಷ್ಟು? ಎರಡೋ? ಒಂದೇ ಸಮನೆ ಬರುತ್ತದೋ, ನಿಂತು ನಿಂತು ಬರುತ್ತದೋ? ಸರಿಯಾಗಿ ಕೇಳಿ ಬರೆಯಿರಿ.

ಶೇಷಮ್ಮ


ಶ್ರೀ ವೀರಭದ್ರೇಶ್ವರ ಪ್ರಸನ್ನ
ನರಸಿಂಹರಾಜಪುರ
1-10-2005

ಶೇಷಮ್ಮಕ್ಕನಿಗೆ,

ಅಕ್ಕ ಎನ್ನುತ್ತೇನೆ, ನೀವು ನನಗಿಂತ ಎರಡು ವರ್ಷಕ್ಕಾದರೂ ದೊಡ್ಡವರಿರಬೇಕು. ಹಿಂದೆ ಬರೆದ ಮಾತಿಗೆ ತಪ್ಪಾಯಿತು.

ಗಂಟೆ ಎರಡೇ. ಗಡಿಯಾರ ನೋಡಿದೆ. ಮೊದಮೊದಲು ನಿಧಾನ, ಆಮೇಲೆ ಜೋರು, ಕಡೆಕಡೆಗೆ ಉಸಿರು ಕಟ್ಟಿದವರು ಮಾಡುವ ಹಾಗೆ ಅಡ್ಡಾದಿಡ್ಡಿ. ಆಮೇಲೆ ಒಮ್ಮೆಗೇ ಇಲ್ಲ. ಆ ಇಲ್ಲದ್ದೇ ಹೆಚ್ಚು ಹೆದರಿಕೆ.

ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಡಬ್ಬಿ ಸಿಕ್ಕಿದ ದಿನವೇ ಅದರ ಅಂಚು ನೋಡಿದ್ದೆ. ಒಂದು ಪಕ್ಕ ಸವೆದು ಬ್ಲೇಡಿನ ಹಾಗಾಗಿದೆ, ಬಗ್ಗಿದೆ. ಊಟ ಮಾಡಿ ಡಬ್ಬಿ ಹಾಗೆ ಸವೆಯುವುದಿಲ್ಲ. ನನ್ನ ಮದುವೆಯ ಡಬ್ಬಿಗೂ ಅಷ್ಟೇ ವಯಸ್ಸು, ಪಕ್ಕದಲ್ಲಿಟ್ಟು ನೋಡಿದೆ.

ಮೊನ್ನೆ ಸೋಮವಾರ ವಿಭೂತಿ ಹಚ್ಚಿಕೊಂಡು, ಶಿವನ ಹೆಸರು ಹೇಳುತ್ತಾ, ಎರಡು ಗಂಟೆಗೆ ಶೆಡ್ಡಿನ ಬಾಗಿಲು ತೆಗೆದೆ. ಯಾರೂ ಇಲ್ಲ. ಒಣಗಿದ ಡಬ್ಬಿಯನ್ನು ಗೂಡಿನಲ್ಲಿ ಬೋರಲು ಹಾಕಿದ್ದೆ. ಅದು ಗಾಡಿಯೊಳಗೆ ಇತ್ತು, ತುಂಬ ನೀರು. ನಮ್ಮ ಬಾವಿಯ ನೀರಲ್ಲ, ಹೂಳಿನ ವಾಸನೆ. ಗಾಡಿಯ ಎಡಪಕ್ಕದ ನೆಲ ಮಾತ್ರ ಒಂದು ಮಾರು ಒದ್ದೆ. ಮಳೆ ಬಿಟ್ಟು ನಾಲ್ಕು ದಿನವಾಗಿತ್ತು.

ಇವರನ್ನು ಎಬ್ಬಿಸಿ ತೋರಿಸಿದೆ. "ಹೆಂಚು ಸೋರ್ತದೆ ಮಾರಾಯ್ತಿ, ಅದಕ್ಕೆಲ್ಲ ದೆವ್ವ ಕರೀಬೇಡ" ಎಂದು ಹೆಂಚು ನೋಡಲು ಏಣಿ ಹುಡುಕಿದರು. ಮಂಡಿ ಬಗ್ಗದವರು ಏಣಿ ಹತ್ತುತ್ತಾರಂತೆ.

ವೀರಭದ್ರ ದೇವರ ಗುಡಿಯಲ್ಲಿ ಪ್ರಸಾದ ಕೇಳಿದೆ. ಹೂ ಎಡಕ್ಕೆ ಬಿತ್ತು, ಹೋಗಕೂಡದೆಂದು. ಇವರಿಗೆ ಹೇಳಿದರೆ, "ದೇವರಿಗೆ ಆಮೆಗಾಡಿ ಎಂತ ಗೊತ್ತು?" ಎಂದರು. ಬಾಯಿಗೆ ಹೊಡೆದುಕೊಳ್ಳಿ ಎಂದೆ. ಹೊಡೆದುಕೊಂಡರು, ನಗುತ್ತಾ. ದಿಬ್ಬಕ್ಕೆ ಹೋಗುವುದು ಬಿಡುವುದಿಲ್ಲವಂತೆ. ಅಪ್ಪ ಕರೆಯುತ್ತಿದ್ದಾರೆ ಎನ್ನುತ್ತಾರೆ. ಅದೊಂದು ಮಾತು ನನಗೆ ಹಿಡಿಸಲಿಲ್ಲ ಅಕ್ಕ. ಮಕ್ಕಳಿಲ್ಲದ ಮನೆ ನಮ್ಮದು. ಇವರಿಗೇನಾದರೂ ಆದರೆ ನನಗೆ ಆಮೇಲೆ ಏನೂ ಉಳಿಯುವುದಿಲ್ಲ.

ಹನ್ನೊಂದನೇ ತಾರೀಖು ಆಯುಧ ಪೂಜೆ, ಹನ್ನೆರಡಕ್ಕೆ ನೀರಿಗೆ. ನನ್ನ ಕೈಲಾದದ್ದು ಪೂಜೆ. ಶಾಸ್ತ್ರ ಒಂದೂ ಬಿಡದೆ ಮಾಡುತ್ತೇನೆ. ಗಾಡಿಯನ್ನು ಒಳಗೆ ಹೊರಗೆ ತೊಳೆದು, ಆ ಬಿರಡೆಯನ್ನೂ ಬಿಚ್ಚಿ ತೊಳೆದು, ಸ್ಪ್ಯಾನರುಗಳ ಜೊತೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚುತ್ತೇನೆ. ಮಾರನೇ ದಿನದ ಮಂಗಳಾರತಿಯ ತನಕ ಯಾರಿಗೂ ಮುಟ್ಟಗೊಡುವುದಿಲ್ಲ. ಆಗಲಾದರೂ ಅದು ನಿಂತೀತು.

ಗೊತ್ತಿರುವುದೇನಾದರೂ ಇದ್ದರೆ ಬರೆಯಿರಿ.

ನಿಮ್ಮ ತಂಗಿ
ಪ್ರೇಮ


ಮೆಣಸೆ
9-10-2005
ಬೆಳಿಗ್ಗೆ

ತಂಗಿ ಪ್ರೇಮ,

ಪೋಸ್ಟಿಗೆ ಹಾಕಿದರೆ ಹಬ್ಬದ ರಜೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಸ್ಸಿನವರ ಕೈಯಲ್ಲಿ ಕೊಡುತ್ತಿದ್ದೇನೆ. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನಾಲ್ಕು ದಿನ ನಾನು ಒಂದು ಸಾಲು ಬರೆಯಲಿಲ್ಲ. ಅದೂ ನನ್ನ ಲೆಕ್ಕಕ್ಕೇ ಸೇರಲಿ.

ಬಿರಡೆಯನ್ನು ದೇವರ ಮುಂದೆ ಇಡಬೇಡ. ಗಾಡಿಯಿಂದ ಬಿಚ್ಚಲೇಬೇಡ.

ತಿಮ್ಮಪ್ಪನವರು ಬೊಂಬಾಯಿಗೆ ಹೋಗಲಿಲ್ಲ. ಅದು ಸಾಹುಕಾರರು ತಮ್ಮ ಮೇಲೆ ಕೇಸು ಬರದಿರಲಿ ಎಂದು ಪೊಲೀಸರಿಗೆ ಹೇಳಿದ ಮಾತು. ಜನ ನಂಬಿದರು. ನಾನು ಅಲ್ಲವೆನ್ನಲಿಲ್ಲ, ಏಕೆಂದರೆ ಆ ಮಾತಿನಿಂದ ನನ್ನ ಕುಂಕುಮ ಉಳಿಯಿತು.

ಎಪ್ಪತ್ತೊಂಬತ್ತರ ಆಯುಧ ಪೂಜೆಯ ದಿನ ನಾನು ನೀನು ಬರೆದ ಹಾಗೆಯೇ ಮಾಡಿದೆ. ಗಾಡಿ ತೊಳೆದೆ. ನೀರು ಇಳಿಯಲು ಬಿರಡೆ ಬಿಚ್ಚಿದೆ. ಹಿತ್ತಾಳೆಯದು, ತಿಕ್ಕಿದರೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಹಾರೆ, ಕತ್ತಿ, ಸ್ಪ್ಯಾನರುಗಳ ನಡುವೆ ಅದನ್ನೂ ಇಟ್ಟು ಪೂಜೆ ಮಾಡಿದೆವು. ಒಂದೂವರೆಗೆ ಸಾಹುಕಾರರ ಆಳು ಬಂದ. ಆಚೆ ದಡದಲ್ಲಿ ನೆಂಟರು ಬಂದು ನಿಂತಿದ್ದಾರೆ, ಈಗಲೇ ಕರೆದು ತರಬೇಕಂತೆ. ಇವರು ಊಟಕ್ಕೆ ಕೂತಿರಲಿಲ್ಲ. ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಅಂಗಳದಿಂದ ಕೂಗಿ ಕೇಳಿದರು, "ಬಿರಡೆ ಹಾಕಿದ್ಯನೇ?"

ಇಲ್ಲ, ದೇವರ ಮುಂದಿದೆ ಎಂದರೆ ಗ್ರೀಸಿನ ಕೈಯಲ್ಲೇ ಬಂದು ಪೂಜೆಯಿಂದ ಎತ್ತಿಕೊಂಡು ಹೋಗುವವರು. ಅವರಿಗೆ ಮಡಿ ಮೈಲಿಗೆ ಲಕ್ಷ್ಯವಿರಲಿಲ್ಲ. ಪೂಜೆಗಿಟ್ಟದ್ದನ್ನು ಅದೇ ದಿನ ಎತ್ತಿದರೆ ಮನೆಗೆ ಕೇಡು ಎಂದು ನಮ್ಮಮ್ಮ ಹೇಳಿದ್ದಳು. ಹಾಗಾಗಿ ಬೆಳಿಗ್ಗೆಯೇ ಆ ತೂತಿಗೆ ಹಳೆಯ ಸೀರೆಯ ತುಂಡು ಸುತ್ತಿ ಬಿಗಿಯಾಗಿ ತುರುಕಿಟ್ಟಿದ್ದೆ. ಒಂದು ಸಲ ಹೋಗಿ ಬರುವಷ್ಟು ತಡೆಯುತ್ತದೆ ಎಂದುಕೊಂಡೆ.

"ಹ್ಞೂಂ, ಹಾಕಿದೀನಿ" ಎಂದೆ.

ಎರಡು ಗಂಟೆಗೆ ನೀರಿಗಿಳಿದರು. ಆಚೆ ದಡ ಮುಟ್ಟಲಿಲ್ಲ. ಬೇಸಗೆಯಲ್ಲಿ ನೀರಿಳಿದಾಗ ಗಾಡಿ ಹೂಳಲ್ಲಿ ಸಿಕ್ಕಿತು. ಅವರು ಸಿಗಲಿಲ್ಲ. ಎರಡು ಲಿವರಿಗೆ ಎರಡು ಕೈ ಬೇಕು. ಒಬ್ಬನೇ ಮನುಷ್ಯ ಗಾಡಿ ನಡೆಸಬೇಕೋ, ನೀರು ಎತ್ತಿ ಸುರಿಯಬೇಕೋ? ಡಬ್ಬಿಯ ಅಂಚು ಸವೆದಿದೆ ಎಂದು ನೀನು ಬರೆದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಆ ಡಬ್ಬಿಯಿಂದಲೇ ಎತ್ತಿದ್ದಾರೆ. ನನ್ನ ಹೆಸರು ಅವರ ಕೈಯಲ್ಲಿತ್ತು.

ಬಿರಡೆಯನ್ನು ಇಪ್ಪತ್ತಾರು ವರ್ಷ ದೇವರ ಪೆಟ್ಟಿಗೆಯಲ್ಲಿ ಇಟ್ಟು ದಿನಾ ಕುಂಕುಮ ಹಚ್ಚಿದ್ದೇನೆ. ಈ ಕಾಗದದ ಜೊತೆ ಕಟ್ಟಿದ್ದೇನೆ. ಇದನ್ನೇ ಹಾಕು. ಇದು ಕೈಗೆ ಸಿಗುವ ತನಕ ನಿನ್ನ ಗಂಡನನ್ನು ಬಿಡಬೇಡ. ಬಾಗಿಲಿಗೆ ಅಡ್ಡ ಮಲಗಿಯಾದರೂ ಸರಿ.

ಶೇಷಮ್ಮ


ಶ್ರೀ ವೀರಭದ್ರೇಶ್ವರ ಪ್ರಸನ್ನ
ನರಸಿಂಹರಾಜಪುರ
15-10-2005

ಶೇಷಮ್ಮಕ್ಕನಿಗೆ ನಿಮ್ಮ ತಂಗಿ ಪ್ರೇಮ ಮಾಡುವ ನಮಸ್ಕಾರ.

ಮೊದಲು ಇದನ್ನು ಓದಿಕೊಳ್ಳಿ: ಇವರು ಬದುಕಿದ್ದಾರೆ. ಪಕ್ಕದಲ್ಲೇ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ.

ನಿಮ್ಮ ಕಟ್ಟು ಹತ್ತನೇ ತಾರೀಖೇ ಬಂದು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಿದ್ದಿತ್ತು. ಅಂಗಡಿಯವನು ಹಬ್ಬಕ್ಕೆ ಬಾಗಿಲು ಹಾಕಿ ಹೆಂಡತಿಯ ಊರಿಗೆ ಹೋಗಿದ್ದ. ನನ್ನ ಕೈಗೆ ಸಿಕ್ಕಿದ್ದು ಹನ್ನೆರಡರ ಸಂಜೆ. ಅಷ್ಟು ಹೊತ್ತಿಗೆ ಆಗುವುದು ಆಗಿತ್ತು.

ಹನ್ನೊಂದಕ್ಕೆ ಪೂಜೆಯಾಯಿತು. ಆರು ಗಾಲಿಗೆ ಆರು ನಿಂಬೆಹಣ್ಣು, ಕುಂಬಳಕಾಯಿ ಎಲ್ಲ ಆಯಿತು. ಲೇತಿನ ಬಿರಡೆ ದೇವರ ಮುಂದಿತ್ತು. ಒಂದು ಗಂಟೆಗೆ ಮೋಡ ಬಿರಿದು ಬಿಸಿಲು ಬಂತು. ಇವರು ಎದ್ದು ನಿಂತರು. "ನಾಳೆ ಮಳೆ ಹಿಡಿದರೆ ಹಿಡೀತು. ಈಗಲೇ ಹೋಗ್ತೀನಿ. ಬಿರಡೆ ಕೊಡು" ಎಂದರು. ನಾಳೆಯ ಮಂಗಳಾರತಿಯ ತನಕ ಮುಟ್ಟಕೂಡದು ಎಂದೆ. "ಕೊಡ್ತೀಯೋ ಇಲ್ವೋ?" ಎಂದರು. ದೇವರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕೊಡದಿದ್ದರೆ ಹೋಗುವುದಿಲ್ಲ ಎಂದುಕೊಂಡೆ. ಇವರು ಒಂದು ರಬ್ಬರಿನ ಬೆಂಡು ಕೆತ್ತಿ ತೂತಿಗೆ ಬಡಿದು ಹೊರಟೇಬಿಟ್ಟರು.

ನಾನೂ ನಿಮ್ಮ ಹಾಗೆಯೇ ಮಾಡಿದೆ ಅಕ್ಕ. ನಿಮ್ಮ ಕಾಗದ ಓದುವ ಮುಂಚೆಯೇ.

ದಡದಲ್ಲಿ ನಿಂತು ನೋಡಿದೆ. ಗಾಡಿ ನೀರಿಗಿಳಿದು, ಗಾಲಿಯಲ್ಲೇ ನೀರು ತಳ್ಳುತ್ತಾ, ನಿಜವಾದ ಆಮೆಯ ಹಾಗೆ ಹೋಯಿತು. ಮುಂದಿನದು ಇವರು ಹೇಳಿದ್ದು. ನಡುನೀರಲ್ಲಿ ಕಾಲಿಗೆ ತಣ್ಣಗಾಯಿತಂತೆ. ಬೆಂಡು ಕಿತ್ತು ಹೋಗಿತ್ತು. ನೀರು ಪಾದ ಮುಚ್ಚಿತು, ಮೀನಖಂಡಕ್ಕೆ ಬಂತು. ಲಿವರು ಬಿಟ್ಟರೆ ಗಾಡಿ ಸುತ್ತು ತಿರುಗುತ್ತದೆ, ಬಿಡದಿದ್ದರೆ ಮುಳುಗುತ್ತದೆ. ಆಗ ಬೆನ್ನ ಹಿಂದೆ ಸದ್ದು ಶುರುವಾಯಿತಂತೆ. ಕೆರೆಯುವುದು, ಸುರಿಯುವುದು. ಎಡಗಡೆಯಿಂದ ನೀರು ಹೊರಗೆ ಬೀಳುವುದು ಕಣ್ಣಂಚಿಗೆ ಕಾಣುತ್ತಿತ್ತಂತೆ. ಇವರು ತಿರುಗಿ ನೋಡಲಿಲ್ಲ. "ತಿರುಗಿದ್ರೆ ನಿಂತುಹೋದೀತು ಅನ್ನಿಸ್ತು ಕಣೆ" ಎಂದರು. ದೆವ್ವ ಎಂದರೆ ನಗುವ ಮನುಷ್ಯ ಅಕ್ಕ, ಹೇಳುವಾಗ ನನ್ನ ಕೈ ಬಿಡಲಿಲ್ಲ.

ಕೆರೆಯುವ ಸದ್ದು ದಿಬ್ಬದ ಮಣ್ಣು ಗಾಲಿಗೆ ಸಿಗುವ ತನಕ ಇತ್ತು. ಇಳಿದು ನೋಡಿದರೆ ತೊಟ್ಟಿಯಲ್ಲಿ ಒಂದು ಬೊಗಸೆ ನೀರಿರಲಿಲ್ಲ. ಹಿಂದಿನ ಸೀಟಿನ ಮೇಲೆ ನಿಮ್ಮ ಡಬ್ಬಿ ಇತ್ತು. ನಾನು ಅದನ್ನು ಶೆಡ್ಡಿನ ಗೂಡಿನಲ್ಲಿಟ್ಟು ಮೇಲೆ ಕಲ್ಲು ಹೇರಿದ್ದೆ.

ಮಾವನವರ ಸಮಾಧಿಗೆ ಹೂ ಹಾಕಿದರು. ಒಂದು ಹೂ ಉಳಿಸಿ ನೀರಿಗೂ ಹಾಕಿದರಂತೆ, ಯಾಕೆಂದು ಗೊತ್ತಿಲ್ಲದೆ. ಮೀನು ಹಿಡಿಯುವ ಬೂತಪ್ಪ ಕಾಲು ಚಾಚಿ ಮಲಗಿಸಿಕೊಂಡು ತೆಪ್ಪದಲ್ಲಿ ಕರೆತಂದ. "ಇನ್ನೂರು ಮೀನಿನ ಭಾರ ಮಾರಾಯ, ಮಾತು ಬೇರೆ" ಎಂದು ದಾರಿಯುದ್ದ ಬೈದನಂತೆ.

ಗಾಡಿ ದಿಬ್ಬದಲ್ಲೇ ಉಳಿದಿತ್ತು. ಹದಿಮೂರಕ್ಕೆ ಇವರ ಜೊತೆ ನಾನೂ ತೆಪ್ಪದಲ್ಲಿ ಅಲ್ಲಿಗೆ ಹೋದೆ. ನಿಮ್ಮ ಹಿತ್ತಾಳೆಯ ಬಿರಡೆಯನ್ನು ನಾನೇ ತಿರುಗಿಸಿದೆ. ಕುಂಕುಮ ಒರೆಸಲಿಲ್ಲ. ಮೂರು ಸುತ್ತಿಗೆ ಕೂತಿತು, ಸ್ಪ್ಯಾನರು ಬೇಕಾಗಲಿಲ್ಲ. ಬರುವಾಗ ಇವರು ಗಾಡಿ ನಡೆಸಿದರು, ನಾನು ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತೆ. ಆ ಗಾಡಿಯಲ್ಲಿ ಇನ್ನು ಒಬ್ಬರೇ ಹೋಗಕೂಡದು ಎಂದು ಇವರಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಿದ್ದೇನೆ. ಅದಾದ ಮೇಲೆ ಎರಡು ಮಧ್ಯಾಹ್ನ ಕಳೆಯಿತು. ಶೆಡ್ಡಿನಲ್ಲಿ ಸದ್ದಿಲ್ಲ. ಬಿರಡೆ ಬಿದ್ದಿಲ್ಲ.

ಡಬ್ಬಿ ಕಳಿಸುತ್ತಿದ್ದೇನೆ. ಈ ಸಲ ಬೇಡವೆನ್ನಬೇಡಿ. ಅವರು ಇಷ್ಟು ವರ್ಷ ಎತ್ತಿ ಸುರಿದದ್ದು ಸಾಕು. ಅವರಿಗೆ ಒಂದು ತುತ್ತು ಅನ್ನ ಇಡಿ.

ಪ್ರೇಮ


ಮೆಣಸೆ
3-11-2005

ತಂಗಿ ಪ್ರೇಮ,

ಡಬ್ಬಿ ಬಂತು. ಅಂಚಿನ ಮೇಲೆ ಬೆರಳಾಡಿಸಿದೆ, ಕೊಯ್ದಿತು. ಇರಲಿ.

ದೀಪಾವಳಿಯ ಅಮಾವಾಸ್ಯೆಯ ದಿನ ಅವರಿಗೆ ಎಡೆ ಇಟ್ಟೆ. ಬೆಳಿಗ್ಗೆ ಹಣೆಯ ಕುಂಕುಮವನ್ನು ನಾನೇ ಒರೆಸಿಕೊಂಡೆ, ಬಳೆಯನ್ನು ನಾನೇ ತೆಗೆದೆ. ಆಚೆಮನೆಯ ಗಿರಿಯಮ್ಮ ಬಂದು, "ಶೇಷಕ್ಕ, ಇಷ್ಟು ವರ್ಷ ಬಿಟ್ಟು ಈಗ ಎಂತಕ್ಕೆ? ಬೊಂಬಾಯಿಂದ ಕಾಗದ ಬಂತನಾ?" ಎಂದಳು. ನೀರಿಗೆ ಹೋದರು, ನನ್ನಿಂದ ಹೋದರು ಎಂದೆ. ಎಲ್ಲವನ್ನೂ ಹೇಳಿದೆ. ಅವಳು ಕೂತು ಕೇಳಿ, ಎದ್ದು, ಒಲೆಗೆ ಸೌದೆ ಹಾಕಿಕೊಟ್ಟು ಹೋದಳು.

ಚಿತ್ರಾನ್ನ ಮಾಡಿದೆ. ಅವತ್ತು ತುಂಬಿದಷ್ಟೇ ಡಬ್ಬಿಗೆ ತುಂಬಿ ಎಲೆಯ ಮೇಲೆ ಇಟ್ಟೆ. ನೆಲ ಸಾರಿಸಿ, ಒಣಗಿದ ಮೇಲೆ, ಎರಡು ಗಂಟೆಗೆ ಬಾಗಿಲು ಎಳೆದುಕೊಂಡು ಹೊರಗೆ ಜಗಲಿಯಲ್ಲಿ ಕೂತೆ. ಒಳಗೆ ಸದ್ದಾಗಲಿಲ್ಲ. ಕೆರೆಯುವುದು, ಸುರಿಯುವುದು ಏನೂ ಇಲ್ಲ. ಹಿತ್ತಿಲಲ್ಲಿ ಮಾತ್ರ ಯಾರೋ ಬಹಳ ಹೊತ್ತು ಕಾಲು ತೊಳೆದುಕೊಂಡ ಹಾಗಾಯಿತು.

ಮೂರಕ್ಕೆ ಬಾಗಿಲು ತೆಗೆದೆ. ಹಿತ್ತಿಲ ಬಾಗಿಲಿನಿಂದ ಎಲೆಯ ತನಕ ನೆಲ ಒದ್ದೆಯಾಗಿತ್ತು. ನೀರು ತಿಳಿಯಾಗಿತ್ತು, ಒಂದು ಚೂರು ಕೆಸರಿರಲಿಲ್ಲ. ವಾಪಸು ಹೋದ ಗುರುತೂ ಇರಲಿಲ್ಲ.

ನಾನು ಒರೆಸಲಿಲ್ಲ. ಎಲೆಯ ಆಚೆ ಬದಿಗೆ ಕೂತು ಉಂಡೆ.

ನಿನ್ನ ಅಕ್ಕ
ಶೇಷಮ್ಮ